ಎರೆಮಣ್ಣಿನ ಮೇಲೆ ಡಾಂಬರು: ಮನೆಯಂಗಳಕ್ಕೂ ಪಾರ್ಕಿಂಗ್ ಜಾಗಕ್ಕೂ ಬಾಳಿಕೆಯ ಹಾಸು ಆರಿಸುವ ಬಗೆ

ಹುಬ್ಬಳ್ಳಿಯಲ್ಲಿ ನಮ್ಮ ವಸತಿ ಸಂಘದ ವಾಹನ ನಿಲುಗಡೆಯ ಜಾಗಕ್ಕೆ ಹಾಕಿಸಿದ ಡಾಂಬರಿನಲ್ಲಿ ಮೂರನೆಯ ಬೇಸಿಗೆಗೆ ಕಾಂಪೌಂಡ್ ಗೋಡೆಯ ಉದ್ದಕ್ಕೂ ಬೆರಳು ಇಳಿಯುವಷ್ಟು ಬಿರುಕು ಬಿಟ್ಟಿತ್ತು. ಗುತ್ತಿಗೆದಾರರು ಡಾಂಬರಿನಲ್ಲಿ ಮೋಸ ಮಾಡಿದ್ದಾರೆಂದು ಎಲ್ಲರೂ ಬೈದುಕೊಂಡೆವು. ಕೊನೆಗೆ ಒಂದು ಕಡೆ ಎರಡಡಿ ಅಗೆಸಿ ನೋಡಿದಾಗ ಮೇಲಿನ 50 ಮಿಲಿಮೀಟರ್ ಪದರ ಹೇಳಿದಷ್ಟೇ ದಪ್ಪವಿತ್ತು, ಖಡಿಗೆ ಅಂಟಿದ ಬಿಟುಮೆನ್, ಅಂದರೆ ಡಾಂಬರಿನ ಕಪ್ಪು ಅಂಟು, ಇನ್ನೂ ಹೊಳೆಯುತ್ತಿತ್ತು. ಅದರ ಕೆಳಗೆ ನಾಲ್ಕೇ ಇಂಚು ಗರಸು, ಗರಸಿನ ಕೆಳಗೆ ನೇರವಾಗಿ ಎರೆ ಎಂಬ ಕಪ್ಪು ಜೇಡಿಮಣ್ಣು, ಮತ್ತು ಆ ಎರೆಯೊಳಗೆ ಅದೇ ಬಿರುಕು ಇನ್ನೂ ಒಂದೂವರೆ ಅಡಿ ಆಳಕ್ಕೆ ಇಳಿದಿತ್ತು. ಬಿರುಕು ಹುಟ್ಟಿದ್ದು ಕೆಳಗೆ, ಡಾಂಬರಿನಲ್ಲಿ ಅಲ್ಲ. ಗುತ್ತಿಗೆದಾರರ ತಪ್ಪು ಇದ್ದದ್ದು ನಾವು ಕೇಳದೆ ಬಿಟ್ಟ ಕೆಲಸದಲ್ಲಿ, ಹಾಗಾಗಿ ಅದರಲ್ಲಿ ಅರ್ಧ ಪಾಲು ನಮ್ಮದೂ ಹೌದು.

ಆದ್ದರಿಂದ ಈ ಬರಹದಲ್ಲಿ ಡಾಂಬರಿಗಿಂತ ಮೊದಲು ಮಣ್ಣಿನ ಮಾತು ಬರುತ್ತದೆ, ಮತ್ತು ಹೆಚ್ಚು ಜಾಗವನ್ನೂ ಅದೇ ತೆಗೆದುಕೊಳ್ಳುತ್ತದೆ.

ಮೊದಲು ಮಣ್ಣು ನೋಡಿ

ಹುಬ್ಬಳ್ಳಿಯಿಂದ ನವಲಗುಂದ, ಅಣ್ಣಿಗೇರಿ, ಗದಗದ ಕಡೆಗೆ ಹೋದಂತೆ ಎರೆ ಭೂಮಿ ಹರಡಿಕೊಂಡಿದೆ. ಧಾರವಾಡದ ಗುಡ್ಡದ ಇಳಿಜಾರುಗಳಲ್ಲಿ, ಕಲಘಟಗಿಯ ದಿಕ್ಕಿನಲ್ಲಿ ಕೆಂಪು ಮಣ್ಣು ಸಿಗುತ್ತದೆ. ಹಾವೇರಿ ಜಿಲ್ಲೆಯಲ್ಲಿ ಎರಡೂ ಇವೆ, ಒಂದೇ ಊರಿನ ಎರಡು ದಿಕ್ಕಿಗೆ ಎರಡು ಬಗೆಯ ಮಣ್ಣು ಇರುವುದೂ ಉಂಟು. ಎರೆಮಣ್ಣಿನಲ್ಲಿರುವ ಜೇಡಿಯ ಖನಿಜವು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆ ಹೊಲದ ಬಿರುಕಿನಲ್ಲಿ ಕೈ ಇಳಿಸಿ ನೋಡಿದ ಯಾವ ರೈತನಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹತ್ತಿಗೂ ಕಡಲೆಗೂ ವರವಾದ ಈ ಗುಣವೇ ರಸ್ತೆಗೆ ಶಾಪ. ಮಳೆಗಾಲದಲ್ಲಿ ನೆನೆದ ಎರೆಗೆ ಭಾರ ಹೊರುವ ಶಕ್ತಿ ಬಹಳ ಕಡಿಮೆ, ಸಿಬಿಆರ್ ಎಂಬ ಅಳತೆಯಲ್ಲಿ ಅದು ಸಾಮಾನ್ಯವಾಗಿ 2ರಿಂದ 4 ಶೇಕಡದ ಆಸುಪಾಸಿನಲ್ಲಿ ನಿಲ್ಲುತ್ತದೆ.

ಮಣ್ಣು ಎಷ್ಟು ಉಬ್ಬುತ್ತದೆಂದು ತಿಳಿಯಲು ಸರಳವಾದ ಪರೀಕ್ಷೆಯಿದೆ. ಒಣಗಿಸಿ, ಪುಡಿಮಾಡಿ, ಸಣ್ಣ ಜರಡಿಯಲ್ಲಿ ಸೋಸಿದ ಮಣ್ಣನ್ನು ಹತ್ತು ಹತ್ತು ಗ್ರಾಂನಂತೆ ಎರಡು ಅಳತೆಯ ಗಾಜಿನ ಕೊಳವೆಗಳಿಗೆ ಹಾಕಿ, ಒಂದಕ್ಕೆ ಶುದ್ಧ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಸೀಮೆಎಣ್ಣೆಯ ಕೊಳವೆಯಲ್ಲಿ ಮಣ್ಣು 12 ಮಿಲಿಲೀಟರ್ ಗೆರೆಗೆ ನಿಂತು, ನೀರಿನ ಕೊಳವೆಯಲ್ಲಿ 20ಕ್ಕೆ ಏರಿದ್ದರೆ ವ್ಯತ್ಯಾಸ 8, ಅಂದರೆ ಸುಮಾರು 67 ಶೇಕಡ ಉಬ್ಬು. ಇದು ಭಾರತೀಯ ಮಾನಕ 2720ರ 40ನೇ ಭಾಗದಲ್ಲಿರುವ ವಿಧಾನ. ಕೇಂದ್ರ ಹೆದ್ದಾರಿ ಸಚಿವಾಲಯದ ನಿರ್ದಿಷ್ಟತೆಯು 50 ಶೇಕಡಕ್ಕಿಂತ ಹೆಚ್ಚು ಉಬ್ಬುವ ಮಣ್ಣನ್ನು ರಸ್ತೆಗೆ ತುಂಬುವ ಸಾಮಗ್ರಿಯಾಗಿ ಒಪ್ಪುವುದಿಲ್ಲ. ನಾಲ್ಕು ಕಾರು ನಿಲ್ಲುವ ಜಾಗಕ್ಕೆ ಇಷ್ಟೆಲ್ಲ ಏಕೆಂದು ಅನ್ನಿಸಬಹುದು, ಆದರೆ ಹತ್ತು ಗುಂಟೆಯ ಪಾರ್ಕಿಂಗ್ ಮಾಡಿಸುವವರು ಮೂರು ಕಡೆಯ ಮಣ್ಣನ್ನು ಪ್ರಯೋಗಾಲಯಕ್ಕೆ ಕೊಡದೆ ಕೆಲಸ ಆರಂಭಿಸಬಾರದು.

ಕೆಂಪು ಮಣ್ಣು ಅಥವಾ ಗಟ್ಟಿ ಗರಸಿನ ನೆಲವಾದರೆ ಕೆಲಸ ಹಗುರ. ಮೇಲಿನ ಹುಲ್ಲು, ಬೇರು, ಸಡಿಲ ಮಣ್ಣನ್ನು ಕೆರೆದು ತೆಗೆದು, ನೀರು ಹಾಕಿ ರೋಲರ್ ಓಡಿಸಿ, ಅದರ ಮೇಲೆ ಆರು ಇಂಚು ಗರಸು ಮತ್ತು ಆರು ಇಂಚು ಖಡಿಯ ಪದರ ಹಾಕಿದರೆ ಕಾರಿನ ಓಡಾಟಕ್ಕೆ ಸಾಕಾಗುತ್ತದೆ. ಎರೆಯಾದರೆ ದಾರಿಗಳು ಎರಡೇ. ಮೊದಲನೆಯದು ಎರಡಡಿಯಷ್ಟು ಎರೆಯನ್ನು ಅಗೆದು ಹೊರಗೆ ಹಾಕಿ, ಉಬ್ಬದ ಗರಸನ್ನು ಪದರ ಪದರವಾಗಿ ತುಂಬಿ ದಮ್ಮಸು ಮಾಡುವುದು, ಅಂದರೆ ಒತ್ತಿ ಬಿಗಿ ಮಾಡುವುದು. ಎರಡನೆಯದು ಮೇಲಿನ ಎರೆಗೆ ತೂಕದ 3ರಿಂದ 5 ಶೇಕಡದಷ್ಟು ಅರಳಿದ ಸುಣ್ಣವನ್ನು ಬೆರೆಸಿ, ನೀರುಣಿಸಿ, ಹದಕ್ಕೆ ಬರಲು ಬಿಟ್ಟು ಅನಂತರ ರೋಲರ್ ಓಡಿಸುವುದು. ಸುಣ್ಣವು ಜೇಡಿಯೊಡನೆ ಕೂಡಿ ಅದರ ಅಂಟನ್ನೂ ಉಬ್ಬನ್ನೂ ಇಳಿಸುತ್ತದೆ. ಆದರೆ ಸುಣ್ಣ ಸಮನಾಗಿ ಬೆರೆಯಬೇಕು, ಸಲಿಕೆಯಲ್ಲಿ ಎರಚಿ ಮೇಲೆ ಕುಂಟೆ ಹೊಡೆದಂತೆ ಮಾಡಿದರೆ ಪ್ರಯೋಜನವಿಲ್ಲ. ದೊಡ್ಡ ಜಾಗದಲ್ಲಿ ಟ್ರ್ಯಾಕ್ಟರಿನ ರೋಟಾವೇಟರ್ ಸಿಕ್ಕರೆ ಈ ಕೆಲಸ ಚೆನ್ನಾಗಿ ಆಗುತ್ತದೆ. ಮನೆಯಂಗಳದಂಥ ಸಣ್ಣ ಜಾಗಕ್ಕೆ ಅಗೆದು ತುಂಬುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಎರಡರಲ್ಲಿ ಯಾವುದನ್ನೇ ಮಾಡಿದರೂ ಎರೆ ಮತ್ತು ಗರಸಿನ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆಯ ಹಾಸು ಹಾಕಿಸಿದರೆ ಮಳೆಗಾಲದಲ್ಲಿ ಕೆಸರು ಮೇಲೇರಿ ಗರಸಿನೊಳಗೆ ಸೇರುವುದು ತಪ್ಪುತ್ತದೆ.

ಗರಸು ಎಂದು ಬರುವುದೆಲ್ಲ ಗರಸಲ್ಲ. ಗುಡ್ಡದ ಬುಡದಿಂದ ತಂದ ಗರಸಿನಲ್ಲಿ ಜೇಡಿ ಹೆಚ್ಚಿದ್ದರೆ ಅದೂ ಮಳೆಯಲ್ಲಿ ಮೆತ್ತಗಾಗುತ್ತದೆ. ಒಂದು ಹಿಡಿ ಗರಸನ್ನು ನೀರಿನಲ್ಲಿ ನೆನೆಸಿ ಮುಷ್ಟಿಯಲ್ಲಿ ಹಿಸುಕಿ ನೋಡಿ. ಅದು ರೊಟ್ಟಿಯ ಹಿಟ್ಟಿನಂತೆ ಉಂಡೆಯಾಗಿ ಅಂಗೈಗೆ ಅಂಟಿಕೊಂಡರೆ ಆ ಟಿಪ್ಪರನ್ನು ಹಾಗೆಯೇ ವಾಪಸ್ ಕಳಿಸಬೇಕು. ಬೆರಳ ಸಂದಿಯಿಂದ ಪುಡಿಪುಡಿಯಾಗಿ ಉದುರಿದರೆ ಇಳಿಸಿಕೊಳ್ಳಬಹುದು.

ತಳದ ಪದರ ಗಟ್ಟಿಯಾಗಿದೆಯೇ ಎಂದು ನೋಡಲು ಪ್ರಯೋಗಾಲಯ ಬೇಕಾಗಿಲ್ಲ. ಖಡಿ ತುಂಬಿದ ಟಿಪ್ಪರನ್ನು ನಿಧಾನವಾಗಿ ಅದರ ಮೇಲೆ ಓಡಿಸಿ, ಹಿಂದಿನ ಚಕ್ರದ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡಬೇಕು. ಚಕ್ರ ದಾಟಿದ ಕೂಡಲೇ ನೆಲ ಹಾಸಿಗೆಯಂತೆ ಕುಸಿದು ಮತ್ತೆ ಎದ್ದರೆ ಅಲ್ಲಿ ನೀರು ಕೂತಿದೆ ಅಥವಾ ದಮ್ಮಸು ಆಗಿಲ್ಲವೆಂದೇ ಅರ್ಥ. ಅಂಥ ಜಾಗಕ್ಕೆ ಸುಣ್ಣದ ಪುಡಿಯಿಂದ ಗುರುತು ಹಾಕಿ, ಅಗೆಸಿ, ಮತ್ತೆ ತುಂಬಿಸಿದ ಮೇಲೆಯೇ ಡಾಂಬರಿನ ಮಾತು ಎತ್ತಬೇಕು.

ನೀರಿನ ದಾರಿ

ಡಾಂಬರಿನ ಮೇಲೆ ನೀರು ನಿಲ್ಲಬಾರದು, ಕೆಳಗೆ ಇಳಿಯಬಾರದು, ಪಕ್ಕದಿಂದ ಒಳಗೆ ನುಗ್ಗಲೂಬಾರದು. ಮೇಲ್ಮೈಗೆ ಐವತ್ತಕ್ಕೆ ಒಂದರಂತೆ, ಅಂದರೆ ಹತ್ತಡಿಗೆ ಸುಮಾರು ಎರಡೂವರೆ ಇಂಚಿನಂತೆ ಇಳಿಜಾರು ಕೊಡಬೇಕು, ಮತ್ತು ಆ ಇಳಿಜಾರು ಮನೆಯ ಪಾಯದ ಕಡೆಗಲ್ಲದೆ ಗಟಾರಿನ ಕಡೆಗೆ ಇರಬೇಕು. ಈ ಇಳಿಜಾರನ್ನು ಗರಸಿನ ಹಂತದಲ್ಲೇ ತರಬೇಕೇ ಹೊರತು ಡಾಂಬರಿನಲ್ಲಿ ಹೊಂದಿಸುತ್ತೇವೆಂದರೆ ಒಂದು ಕಡೆ ಎರಡಿಂಚು, ಇನ್ನೊಂದು ಕಡೆ ಅರ್ಧ ಇಂಚು ಬೀಳುತ್ತದೆ.

ಎರೆ ನೆಲದಲ್ಲಿ ಅಂಚುಗಳದ್ದೇ ದೊಡ್ಡ ತೊಂದರೆ. ಹಾಸಿನ ನಡುಭಾಗದ ಕೆಳಗಿನ ಮಣ್ಣು ವರ್ಷವಿಡೀ ಹೆಚ್ಚುಕಡಿಮೆ ಒಂದೇ ತೇವದಲ್ಲಿರುತ್ತದೆ, ಅಂಚಿನ ಮಣ್ಣು ಮಾತ್ರ ಮಳೆಗೆ ನೆನೆದು ಬಿಸಿಲಿಗೆ ಒಣಗುತ್ತದೆ. ಅದಕ್ಕೇ ಬಿರುಕು ಅಂಚಿಗೆ ಸಮಾನಾಂತರವಾಗಿ ಬೀಳುತ್ತದೆ. ನಮ್ಮ ಸಂಘದಲ್ಲಿ ಗೋಡೆಯ ಬದಿಯಲ್ಲಿ ಹೂವಿನ ಮಡಿ ಮಾಡಿ ದಿನವೂ ನೀರು ಹಾಯಿಸುತ್ತಿದ್ದರು, ಏಪ್ರಿಲ್‌ನಲ್ಲಿ ನೀರಿನ ತೊಂದರೆಯಾದಾಗ ನಿಲ್ಲಿಸುತ್ತಿದ್ದರು. ಉಬ್ಬಿಸಿ ಕುಗ್ಗಿಸುವ ಕೆಲಸವನ್ನು ನಾವೇ ಮಾಡಿಕೊಂಡಂತಾಗಿತ್ತು. ತಳದ ಪದರವನ್ನು ಡಾಂಬರಿನ ಅಂಚಿಗಿಂತ ಒಂದೂವರೆ ಅಡಿಯಾದರೂ ಆಚೆಗೆ ಚಾಚಿಸುವುದು, ಅಂಚಿಗೆ ಕರ್ಬ್ ಕಲ್ಲು ನಿಲ್ಲಿಸುವುದು, ಗಿಡದ ಮಡಿಗಳನ್ನು ಹಾಸಿನಿಂದ ದೂರವಿಡುವುದು, ಈ ಮೂರನ್ನೂ ಕರಾರಿನಲ್ಲೇ ಬರೆಸಬೇಕು. ಕರ್ಬ್ ಇಲ್ಲದ ಅಂಚು ಕಾರಿನ ಚಕ್ರ ಹತ್ತಿ ಇಳಿದಂತೆ ರೊಟ್ಟಿಯ ಅಂಚಿನ ಹಾಗೆ ಮುರಿಯುತ್ತ ಬರುತ್ತದೆ.

ನೀರಿನ ಪೈಪು, ಒಳಚರಂಡಿ, ವಿದ್ಯುತ್ ಕೇಬಲ್, ಮುಂದೆ ಬೇಕಾಗಬಹುದಾದ ಖಾಲಿ ಪೈಪು, ಎಲ್ಲವನ್ನೂ ಡಾಂಬರಿಗೆ ಮುಂಚೆಯೇ ಹಾಕಿಸಿ ಮುಗಿಸಬೇಕು.

ಯಾವ ಬಿಟುಮೆನ್, ಯಾವ ಮಿಶ್ರಣ

ನಾವು ಡಾಂಬರು ಎನ್ನುವುದು ಹಿಂದೆ ಕಲ್ಲಿದ್ದಲಿನಿಂದ ಬರುತ್ತಿದ್ದ ಟಾರಿಗೂ ಇಂದಿನ ಪೆಟ್ರೋಲಿಯಂ ಬಿಟುಮೆನ್‌ಗೂ ಒಂದೇ ಹೆಸರಾಗಿ ಉಳಿದಿದೆ. ಇಂದು ರಸ್ತೆಗೆ ಬೀಳುವುದು ಕಚ್ಚಾ ತೈಲವನ್ನು ಸಂಸ್ಕರಿಸಿದ ಮೇಲೆ ತಳದಲ್ಲಿ ಉಳಿಯುವ ಬಿಟುಮೆನ್. 2006ರಲ್ಲಿ ಭಾರತೀಯ ಮಾನಕ 73ನ್ನು ಪರಿಷ್ಕರಿಸಿ, ಸೂಜಿ ಎಷ್ಟು ಇಳಿಯುತ್ತದೆಂಬುದರ ಬದಲು ಬಿಸಿಯಲ್ಲಿ ಎಷ್ಟು ಮಂದವಾಗಿರುತ್ತದೆಂಬುದರ ಮೇಲೆ ದರ್ಜೆ ಕೊಡುವ ಕ್ರಮ ಬಂದಿತು. ಆ ದರ್ಜೆಗಳೇ ವಿಜಿ-10, ವಿಜಿ-20, ವಿಜಿ-30 ಮತ್ತು ವಿಜಿ-40. ಹಳೆಯ ಗುತ್ತಿಗೆದಾರರು ಇನ್ನೂ ‘80/100’, ‘60/70’ ಎನ್ನುತ್ತಾರೆ. 80/100 ಎಂದರೆ ಸುಮಾರಾಗಿ ವಿಜಿ-10, 60/70 ಎಂದರೆ ಸುಮಾರಾಗಿ ವಿಜಿ-30. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ವಿಜಿ-10 ಮೆತ್ತಗಾಗುತ್ತದೆ, ಮೇಲ್ಮೈಯ ಬಿಸಿ ಗಾಳಿಯ ಬಿಸಿಗಿಂತ ಬಹಳ ಹೆಚ್ಚಿರುತ್ತದೆಂಬುದನ್ನು ಬರಿಗಾಲಲ್ಲಿ ನಡೆದವರು ಬಲ್ಲರು. ಮನೆಯಂಗಳಕ್ಕೂ ಕಾರಿನ ಪಾರ್ಕಿಂಗಿಗೂ ವಿಜಿ-30 ಸರಿಯಾದ ಆಯ್ಕೆ. ಬ್ಯಾಡಗಿಯಂಥ ಕಡೆ ಮೆಣಸಿನಕಾಯಿ ಚೀಲ ತುಂಬಿದ ಲಾರಿಗಳು ಗಂಟೆಗಟ್ಟಲೆ ನಿಂತು, ನಿಂತಲ್ಲೇ ಚಕ್ರ ತಿರುಗಿಸುವ ಗೋದಾಮಿನ ಅಂಗಳಕ್ಕೆ ವಿಜಿ-40 ಕೇಳಬೇಕು. ಓಡುವ ಲಾರಿಗಿಂತ ನಿಂತ ಲಾರಿಯೇ ಡಾಂಬರಿಗೆ ಹೆಚ್ಚು ಕಷ್ಟ ಕೊಡುತ್ತದೆ.

ಮಿಶ್ರಣದಲ್ಲಿ ಎರಡು ಜಾತಿ. ಹಳ್ಳಿಯ ರಸ್ತೆಗಳಿಗೆ ಹಾಕುವ 20 ಮಿಲಿಮೀಟರಿನ ಕಾರ್ಪೆಟ್‌ನಲ್ಲಿ ಖಡಿಯ ನಡುವೆ ಸಂದುಗಳು ಹೆಚ್ಚು, ಆ ಸಂದು ಮುಚ್ಚಲು ಮೇಲೆ ಬಳಿದ ಸೀಲ್ ಕೋಟ್ ಸವೆದ ದಿನದಿಂದ ನೀರು ಒಳಗಿಳಿಯುತ್ತದೆ. ಅದು ಅಗ್ಗ, ನೋಡಲು ಕಪ್ಪಗೆ ಚಂದ, ಆದರೆ ಎರೆಯ ಮೇಲೆ ಅದನ್ನು ಹಾಕಿಸುವುದು ಜರಡಿಯನ್ನು ಮುಚ್ಚಳ ಮಾಡಿದಂತೆ. ಎರಡನೆಯದು ದಟ್ಟ ಮಿಶ್ರಣ. ಇದರಲ್ಲಿ ಬಿಸಿ (BC) ಎಂದು ಕರೆಯುವ ಬಿಟುಮಿನಸ್ ಕಾಂಕ್ರೀಟನ್ನು ಮೇಲ್ಪದರಕ್ಕೂ, ಡಿಬಿಎಂ ಎಂಬ ದಟ್ಟ ಮಕಾಡಮ್ಮನ್ನು ಅದರ ಕೆಳಗೂ ಬಳಸುತ್ತಾರೆ. ಕಾರಿನ ಅಂಗಳಕ್ಕೆ ದಮ್ಮಸಾದ ಮೇಲೆ 40 ಮಿಲಿಮೀಟರ್ ಉಳಿಯುವಷ್ಟು ಬಿಟುಮಿನಸ್ ಕಾಂಕ್ರೀಟ್ ಸಾಕು. ಲಾರಿ, ಬಸ್ಸು ಬರುವ ಜಾಗಕ್ಕೆ 50 ಮಿಲಿಮೀಟರ್ ಡಿಬಿಎಂ ಹಾಕಿ ಅದರ ಮೇಲೆ 40 ಮಿಲಿಮೀಟರ್ ಮೇಲ್ಪದರ ಬೇಕು, ಮತ್ತು ಕೆಳಗಿನ ಖಡಿಯ ಪದರವೂ ಅದಕ್ಕೆ ತಕ್ಕಂತೆ ಏರಬೇಕು. 40 ಮಿಲಿಮೀಟರಿನ ಮೇಲ್ಪದರದಲ್ಲಿ ಬಿಟುಮೆನ್ ಪ್ರಮಾಣ ಮಿಶ್ರಣದ ತೂಕದ 5.4 ಶೇಕಡದ ಆಸುಪಾಸಿನಲ್ಲಿರುತ್ತದೆ. ಉಳಿತಾಯ ಮಾಡುವವರು ಮೊದಲು ಕೈಯಿಡುವುದು ಇಲ್ಲಿಯೇ.

ಖಡಿಯ ವಿಷಯದಲ್ಲಿ ಎರಡು ಮಾತು. ಖಡಿ ಘನಾಕಾರವಾಗಿರಬೇಕು, ಸೀಳಿದ ಹಂಚಿನಂತೆ ಚಪ್ಪಟೆಯಾದದ್ದು ರೋಲರಿನ ಕೆಳಗೇ ಮುರಿದು ಡಾಂಬರಿಲ್ಲದ ಹೊಸ ಮುಖ ತೆರೆಯುತ್ತದೆ. ಬೆಣಚುಕಲ್ಲಿನ ಅಂಶ ಹೆಚ್ಚಿರುವ ಖಡಿಗೆ ಬಿಟುಮೆನ್ ಗಟ್ಟಿಯಾಗಿ ಹತ್ತುವುದಿಲ್ಲ, ನೀರು ಸಿಕ್ಕರೆ ಬಿಡುತ್ತದೆ. ಬಿಟುಮೆನ್ ಲೇಪಿಸಿದ ಖಡಿಯನ್ನು 40 ಡಿಗ್ರಿ ನೀರಿನಲ್ಲಿ 24 ಗಂಟೆ ಇಟ್ಟು ನೋಡುವ ಪರೀಕ್ಷೆಯಿದೆ. 95 ಶೇಕಡಕ್ಕಿಂತ ಹೆಚ್ಚು ಲೇಪ ಉಳಿಯಬೇಕು. ಉಳಿಯದಿದ್ದರೆ ಮಿಶ್ರಣಕ್ಕೆ ಅರಳಿದ ಸುಣ್ಣ ಸೇರಿಸುವುದು ಹಳೆಯ, ನಂಬಬಹುದಾದ ಉಪಾಯ.

ಡಾಂಬರು ಎಲ್ಲಿ ಬೇಡ ಎಂಬುದನ್ನೂ ಹೇಳಬೇಕು. ಡೀಸೆಲ್, ಪೆಟ್ರೋಲ್, ಇಂಜಿನ್ ಎಣ್ಣೆ ಬಿದ್ದಲ್ಲಿ ಬಿಟುಮೆನ್ ಕರಗುತ್ತದೆ. ಗ್ಯಾರೇಜು, ಜನರೇಟರ್ ಇಡುವ ಮೂಲೆ, ಲಾರಿ ದುರಸ್ತಿಯ ಜಾಗಕ್ಕೆ ಕಾಂಕ್ರೀಟೇ ಸರಿ. ಬೈಕುಗಳ ಸೈಡ್ ಸ್ಟ್ಯಾಂಡು ಮೇ ತಿಂಗಳ ಮಧ್ಯಾಹ್ನ ಡಾಂಬರಿನೊಳಗೆ ರೂಪಾಯಿಯಗಲದ ಗುಂಡಿ ಕೊರೆದು ಬೈಕನ್ನೇ ಮಲಗಿಸುತ್ತದೆ. ಆದ್ದರಿಂದ ದ್ವಿಚಕ್ರ ವಾಹನಗಳ ಸಾಲಿಗೆ ಕಾಂಕ್ರೀಟಿನ ಪಟ್ಟಿ ಅಥವಾ ಪೇವರ್ ಬ್ಲಾಕ್ ಹಾಕಿಸಿ. ನಾನೂರು ಚದರಡಿಯ ಮನೆಯಂಗಳ ಒಂದೇ ಆದರೆ, ಊರ ಹೊರಗಿನ ಹಾಟ್ ಮಿಕ್ಸ್ ಪ್ಲಾಂಟಿನಿಂದ ಮೂರೂವರೆ ಟನ್ ಮಾಲಿಗಾಗಿ ಟಿಪ್ಪರು, ರೋಲರು, ಆಳುಗಳನ್ನು ತರಿಸುವುದಕ್ಕಿಂತ ಪೇವರ್ ಬ್ಲಾಕೇ ಲೇಸೆಂದು ನಾನು ಹೇಳುತ್ತೇನೆ. ಓಣಿಯ ನಾಲ್ಕಾರು ಮನೆಯವರು ಕೂಡಿ ಒಂದೇ ದಿನ ಹಾಕಿಸುವುದಾದರೆ ಲೆಕ್ಕ ಬೇರೆ.

ಕೊಟೇಶನ್ ಓದುವುದು

‘ಎರಡಿಂಚು ಡಾಂಬರು’ ಎಂದು ಬರೆದ ಕೊಟೇಶನ್ನಿಗೆ ಅರ್ಥವಿಲ್ಲ. ಸುರಿದಾಗ ಎರಡಿಂಚೋ, ರೋಲರ್ ಓಡಿದ ಮೇಲೆ ಎರಡಿಂಚೋ? 50 ಮಿಲಿಮೀಟರ್ ಸಡಿಲವಾಗಿ ಸುರಿದದ್ದು ದಮ್ಮಸಾದ ಮೇಲೆ ಸುಮಾರು 40ಕ್ಕೆ ಇಳಿಯುತ್ತದೆ. ಆದ್ದರಿಂದ ‘ದಮ್ಮಸಾದ ನಂತರದ ದಪ್ಪ’ ಎಂದೇ ಬರೆಸಬೇಕು, ಮತ್ತು ತೂಕದಿಂದ ಅದನ್ನು ತಾಳೆ ನೋಡಬೇಕು. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, ಸುಮಾರು 101 ಚದರ ಮೀಟರ್. ದಮ್ಮಸಾದ ದಟ್ಟ ಮಿಶ್ರಣ ಘನ ಮೀಟರಿಗೆ ಸುಮಾರು 2.35 ಟನ್ ತೂಗುತ್ತದೆ. 40 ಮಿಲಿಮೀಟರ್ ದಪ್ಪಕ್ಕೆ ಗುಂಟೆಗೆ ಒಂಬತ್ತೂವರೆ ಟನ್ ಮಾಲು ಬರಲೇಬೇಕು. ನಾಲ್ಕು ಗುಂಟೆಯ ಜಾಗಕ್ಕೆ 38 ಟನ್ ಬರಬೇಕಾದಲ್ಲಿ ತೂಕದ ಚೀಟಿಗಳನ್ನೆಲ್ಲ ಕೂಡಿಸಿದಾಗ 28 ಟನ್ ಮಾತ್ರ ಕಂಡರೆ ನಿಮ್ಮ ಹಾಸು 40 ಅಲ್ಲ, 30ಕ್ಕೂ ಕಡಿಮೆ. ಪ್ರತಿ ಟಿಪ್ಪರಿನ ವೇ ಬ್ರಿಜ್ ಚೀಟಿಯನ್ನೂ, ಬಿಟುಮೆನ್ ಕೊಂಡ ಬಿಲ್ಲಿನ ನಕಲನ್ನೂ ಹಣ ಕೊಡುವ ಮುಂಚೆ ಕೇಳುವುದು ನಿಮ್ಮ ಹಕ್ಕು. ತೈಲ ಕಂಪನಿಗಳು ಬಿಟುಮೆನ್ ದರವನ್ನು ಹದಿನೈದು ದಿನಕ್ಕೊಮ್ಮೆ ಬದಲಿಸುವುದರಿಂದ ಕೊಟೇಶನ್ನಿನಲ್ಲಿ ಅದು ಯಾವ ದಿನಾಂಕದವರೆಗೆ ನಡೆಯುತ್ತದೆಂಬುದೂ ಇರಲಿ.

ಇನ್ನೊಂದು ಎಚ್ಚರಿಕೆ. ಸಂಜೆ ಹೊತ್ತಿಗೆ ಗೇಟಿನ ಮುಂದೆ ಟಿಪ್ಪರ್ ನಿಲ್ಲಿಸಿ, ‘ಸಾಹೇಬ್ರ, ಅಲ್ಲಿ ರೋಡಿನ ಕೆಲಸದ್ದು ಮಾಲು ಉಳದೈತಿ, ಅರ್ಧ ರೇಟಿಗೆ ಹಾಕಿ ಕೊಡ್ತೀವಿ’ ಎಂದು ಕೇಳುವವರು ಸಿಗುತ್ತಾರೆ. ಆ ಮಾಲು ಸರ್ಕಾರದ ಕೆಲಸದ್ದಾದರೆ ಅದನ್ನು ಮಾರಲು ಅವರಿಗೆ ಹಕ್ಕಿಲ್ಲ. ಅದೂ ಅಲ್ಲದೆ ಅಷ್ಟು ಹೊತ್ತಿಗೆ ಅದು ತಣ್ಣಗಾಗಿರುತ್ತದೆ, ತಣ್ಣಗಾದದ್ದು ದಮ್ಮಸಾಗುವುದಿಲ್ಲ.

ಹಾಕುವ ದಿನ

ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಒಣ ದಿನಗಳು ಈ ಕೆಲಸಕ್ಕೆ ತಕ್ಕವು. ಮೇ ತಿಂಗಳ ಅಡ್ಡಮಳೆಯನ್ನು ನಂಬಿ ಕೆಲಸ ಹಿಡಿಯಬಾರದು. ಖಡಿಯ ಪದರದ ಮೇಲೆ ಧೂಳನ್ನೆಲ್ಲ ಗುಡಿಸಿ, ಎಮಲ್ಶನ್ನಿನ (ನೀರಿನಲ್ಲಿ ಬೆರೆಸಿದ ತೆಳು ಬಿಟುಮೆನ್) ಪ್ರೈಮ್ ಕೋಟನ್ನು ಚದರ ಮೀಟರಿಗೆ 0.7ರಿಂದ 1 ಕಿಲೋದಂತೆ ಸಿಂಪಡಿಸಿ ಒಂದು ದಿನವಾದರೂ ಒಳಗಿಳಿಯಲು ಬಿಡಬೇಕು. ಎರಡು ಡಾಂಬರಿನ ಪದರಗಳಿದ್ದರೆ ಅವೆರಡನ್ನು ಅಂಟಿಸಲು ನಡುವೆ ತೆಳುವಾದ ಟ್ಯಾಕ್ ಕೋಟ್ ಬೇಕು.

ವಿಜಿ-30 ಮಿಶ್ರಣವು ಪ್ಲಾಂಟಿನಿಂದ 150ರಿಂದ 165 ಡಿಗ್ರಿಯಲ್ಲಿ ಹೊರಡುತ್ತದೆ, ಹಾಸುವಾಗ 140ಕ್ಕಿಂತ ಕೆಳಗಿರಬಾರದು, ರೋಲರಿನ ಓಡಾಟ 90ಕ್ಕೆ ಇಳಿಯುವ ಮೊದಲು ಮುಗಿಯಬೇಕು. ದೂರದಿಂದ ಹಿಡಿದು ಬಿಸಿ ಅಳೆಯುವ ಪಿಸ್ತೂಲಿನಾಕಾರದ ಥರ್ಮಾಮೀಟರ್ ಈಗ ದುಬಾರಿಯಲ್ಲ. ಅದು ಇಲ್ಲದಿದ್ದರೂ ಟಿಪ್ಪರಿನ ತಾಡಪತ್ರಿ ತೆಗೆದ ಕೂಡಲೇ ಕಣ್ಣಿಗೆ ಬಹಳಷ್ಟು ತಿಳಿಯುತ್ತದೆ. ನೀಲಿ ಹೊಗೆ ಎದ್ದರೆ ಬಿಟುಮೆನ್ ಸುಟ್ಟಿದೆ. ಬಿಳಿ ಉಗಿ ಎದ್ದರೆ ಖಡಿಯಲ್ಲಿ ತೇವವಿತ್ತು. ರಾಶಿಯು ಗೋಪುರದಂತೆ ಬಿಗಿಯಾಗಿ ನಿಂತು ಮಂಕಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಬಿಟುಮೆನ್ ಕಡಿಮೆ ಅಥವಾ ಮಾಲು ತಣ್ಣಗಾಗಿದೆ. ಸಪಾಟಾಗಿ ಹರಡಿಕೊಂಡು ಎಣ್ಣೆಯಂತೆ ಹೊಳೆದರೆ ಬಿಟುಮೆನ್ ಜಾಸ್ತಿ. ತಾಡಪತ್ರಿಯೇ ಇಲ್ಲದೆ ಬಂದ ಟಿಪ್ಪರನ್ನು ಇಳಿಸಿಕೊಳ್ಳಲೇಬಾರದು.

ರೋಲರು ತಗ್ಗಿನ ಅಂಚಿನಿಂದ ಎತ್ತರದ ಕಡೆಗೆ ಹೋಗಬೇಕು. ಡಾಂಬರು ಹತ್ತದಿರಲೆಂದು ಅದರ ಗಾಲಿಗೆ ಡೀಸೆಲ್ ಸವರುವ ರೂಢಿಯನ್ನು ಅಲ್ಲೇ ನಿಲ್ಲಿಸಿ, ನೀರು ಹಾಕಿಸಿ. ಗೋಡೆಯ ಮೂಲೆ, ಚೇಂಬರಿನ ಸುತ್ತ ರೋಲರ್ ತಲುಪದ ಕಡೆ ಪ್ಲೇಟ್ ಕಂಪ್ಯಾಕ್ಟರ್ ಬೇಕು. ಹಾಸು ಬಿಸಿಯಾಗಿರುವಾಗ ಅದರ ಮೇಲೆ ರೋಲರ್ ನಿಲ್ಲಿಸಿ ಚಹಾಕ್ಕೆ ಹೋಗಲು ಬಿಡಬಾರದು, ನಿಂತ ಜಾಗದಲ್ಲಿ ಬೀಳುವ ತಗ್ಗು ಮತ್ತೆ ಏಳುವುದಿಲ್ಲ. ಕಾರುಗಳನ್ನು ಒಂದು ದಿನ, ಭಾರದ ವಾಹನಗಳನ್ನು ಎರಡು ಮೂರು ದಿನ ದೂರವಿಡಿ.

ಆಮೇಲಿನ ಆರೈಕೆ ಸಣ್ಣದು. ಪ್ರತಿ ವರ್ಷ ರೋಹಿಣಿ ಮಳೆ ಹಿಡಿಯುವ ಮುನ್ನ ಬಿರುಕುಗಳನ್ನು ಗುಡಿಸಿ, ಊದಿ, ಎಮಲ್ಶನ್ ಸುರಿದು ಮೇಲೆ ಸಣ್ಣ ಉಸುಕು ಉದುರಿಸಬೇಕು. ಗಟಾರಿನ ಕಸ ತೆಗೆಯಬೇಕು.

ನಮ್ಮ ಸಂಘದ ಜಾಗವನ್ನು ಪೂರ್ತಿ ಕಿತ್ತು ಮಾಡಲು ಹಣವಿರಲಿಲ್ಲ. ಗೋಡೆಯ ಬದಿಯ ಐದಡಿ ಅಗಲದ ಪಟ್ಟಿಯನ್ನು ಮಾತ್ರ ಎರಡಡಿ ಅಗೆಸಿ, ಬಟ್ಟೆ ಹಾಸಿ, ಮುಷ್ಟಿಯಲ್ಲಿ ಹಿಸುಕಿ ನೋಡಿದ ಗರಸು ತುಂಬಿಸಿ, ಮತ್ತೆ ಡಾಂಬರು ಹಾಕಿಸಿದೆವು. ಉಳಿದ ಬಿರುಕುಗಳಿಗೆ ಎಮಲ್ಶನ್ ತುಂಬಿಸಿದೆವು. ಹೂವಿನ ಮಡಿಯ ಬದಲು ಈಗ ಅಲ್ಲಿ ಕುಂಡಗಳಿವೆ. ಮೂಲೆಯ ಕರಿಬೇವಿನ ಗಿಡವನ್ನು ಕೀಳಲು ಮಾತ್ರ ಯಾರೂ ಒಪ್ಪಲಿಲ್ಲ, ಅದರ ಸುತ್ತ ಮೂರಡಿ ಜಾಗ ಬಿಟ್ಟು ಕರ್ಬ್ ಕಲ್ಲು ನಿಲ್ಲಿಸಿದ್ದೇವೆ.